ಐಟಂ ಅನಾಲಿಸಿಸ್: 54ರಿಂದ ಭಾಗಿಸಬೇಕೋ, 27ರಿಂದಲೋ?

ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಅಂಕ ಕೊಡುತ್ತೇವೆ. ಪ್ರಶ್ನೆಗಳಿಗೂ ಅಂಕ ಕೊಡುವುದೇ ಐಟಂ ಅನಾಲಿಸಿಸ್. ವೈದ್ಯಕೀಯ ಅಧ್ಯಾಪಕರಿಗೆ ತಾವು ಬರೆದ ಎಂಸಿಕ್ಯೂ (ಬಹು ಆಯ್ಕೆಯ ಪ್ರಶ್ನೆ) ಹೇಗೆ ಕೆಲಸ ಮಾಡಿತೆಂದು ತಿಳಿಯಲು ಇದಕ್ಕಿಂತ ನೇರ ದಾರಿ ಇಲ್ಲ. ಪ್ರಶ್ನೆ ಬರೆಯುವ ನಿಯಮಗಳನ್ನು ಇಲ್ಲಿ ಬಿಟ್ಟಿದ್ದೇನೆ. ಈ ಟಿಪ್ಪಣಿ ಲೆಕ್ಕಕ್ಕೆ, ಅದರಲ್ಲೂ ಭಾಗಾಕಾರದ ಹಂತಕ್ಕೆ.

ಗುಂಪು ಮಾಡುವುದು

100 ವಿದ್ಯಾರ್ಥಿಗಳನ್ನು ಒಟ್ಟು ಅಂಕದ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ. ಮೇಲಿನ 27 ಮಂದಿ ಒಂದು ಗುಂಪು, ಕೆಳಗಿನ 27 ಮಂದಿ ಇನ್ನೊಂದು. ನಡುವಿನ 46 ಮಂದಿ ಈ ಲೆಕ್ಕಕ್ಕೆ ಬರುವುದಿಲ್ಲ. ಶೇ 27 ಎಂಬ ಅಂಕಿ 1939ರಲ್ಲಿ ಸಂಖ್ಯಾಶಾಸ್ತ್ರಜ್ಞ ಕೆಲ್ಲಿ ಕೊಟ್ಟದ್ದು: ಎರಡು ಗುಂಪುಗಳ ನಡುವೆ ಅಂತರವೂ ಇರಬೇಕು, ಗುಂಪು ತೀರಾ ಚಿಕ್ಕದೂ ಆಗಬಾರದು. 26ರಿಂದ 29ನೇ ಸ್ಥಾನದವರೆಗೆ ಒಂದೇ ಅಂಕ ಬಂದಿದ್ದರೆ ಯಾರನ್ನು ಸೇರಿಸಬೇಕೆಂಬ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಉತ್ತರಗಳನ್ನು ನೋಡಿದ ಮೇಲೆ ಆರಿಸಬೇಡಿ.

ಎಡವುವ ಜಾಗ

ಒಂದು ಪ್ರಶ್ನೆ ನೋಡೋಣ. ಕಬ್ಬಿಣದ ಕೊರತೆ ಬೆಳೆಯುತ್ತಾ ಹೋದಂತೆ ಮೊದಲು ಕುಸಿಯುವುದು ಯಾವುದು? ಎ) ಹಿಮೋಗ್ಲೋಬಿನ್, ಬಿ) ಸೀರಮ್ ಫೆರಿಟಿನ್, ಸಿ) ಎಂಸಿವಿ, ಡಿ) ಪ್ಲೇಟ್‌ಲೆಟ್ ಎಣಿಕೆ. ಕೀ (ಸರಿಯುತ್ತರ): ಬಿ. ಯಾವ ಆಯ್ಕೆಯನ್ನು ಎಷ್ಟು ಮಂದಿ ಆರಿಸಿದರೆಂದರೆ:

ಮೇಲಿನ ಗುಂಪು: ಎ 2, ಬಿ 22, ಸಿ 3, ಡಿ 0.
ಕೆಳಗಿನ ಗುಂಪು: ಎ 6, ಬಿ 11, ಸಿ 9, ಡಿ 1.

ಡಿಫಿಕಲ್ಟಿ ಇಂಡೆಕ್ಸ್ = (22 + 11) ÷ 54 × 100 = 61. ಹೆಸರು ದಾರಿ ತಪ್ಪಿಸುತ್ತದೆ, ಏಕೆಂದರೆ ಅಂಕಿ ಏರಿದಷ್ಟೂ ಪ್ರಶ್ನೆ ಸುಲಭ. 'ಶೇಕಡಾ ಎಷ್ಟು ಮಂದಿ ಸರಿ ಬರೆದರು' ಎಂದು ಓದಿಕೊಂಡರೆ ಗೊಂದಲವಿರುವುದಿಲ್ಲ. ಸಾಮಾನ್ಯವಾಗಿ 30ರಿಂದ 70ರ ನಡುವೆ ಇದ್ದರೆ ಒಪ್ಪುತ್ತಾರೆ. ನಾಲ್ಕು ಆಯ್ಕೆಗಳಿದ್ದಾಗ 25ರ ಆಸುಪಾಸು ಬಂದರೆ ಬರೀ ಊಹೆಯಿಂದಲೂ ಅಷ್ಟು ಬರುತ್ತಿತ್ತೆಂದು ನೆನಪಿಡಿ.

ಚೆನ್ನಾಗಿ ಓದಿದವರನ್ನು ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆಂದು ಹೇಳುವ ಡಿಸ್ಕ್ರಿಮಿನೇಶನ್ ಇಂಡೆಕ್ಸ್ = (22 − 11) ÷ 27 = 0.41. ಇಲ್ಲಿ 54 ಹಾಕಿದರೆ 0.20 ಬರುತ್ತದೆ, ಒಳ್ಳೆಯ ಪ್ರಶ್ನೆ ಕಸದ ಬುಟ್ಟಿಯ ಅಂಚಿಗೆ ಬಂದು ನಿಲ್ಲುತ್ತದೆ. ಇಡೀ ತರಗತಿಯ 100 ಹಾಕಿದರೆ 0.11, ಆಗ ಬುಟ್ಟಿಯೊಳಗೇ.

27 ಏಕೆ? ಈ ಸೂಚ್ಯಂಕ ಎರಡು ಪಾಲುಗಳ ಅಂತರ. ಮೇಲಿನ ಗುಂಪಿನ 22÷27ರಲ್ಲಿ ಕೆಳಗಿನ ಗುಂಪಿನ 11÷27 ಕಳೆಯುತ್ತಿದ್ದೇವೆ. ಎರಡಕ್ಕೂ ಛೇದ ಒಂದೇ, ಹಾಗಾಗಿ 27 ಉಳಿಯುತ್ತದೆ. ಡಿಫಿಕಲ್ಟಿಯಲ್ಲಿ ಎರಡೂ ಗುಂಪುಗಳನ್ನು ಕೂಡಿಸಿದ್ದೇವೆ, ಅದಕ್ಕೆ 54. ಡಿಸ್ಕ್ರಿಮಿನೇಶನ್ ಸೂತ್ರವನ್ನು 2 × (22 − 11) ÷ 54 ಎಂದೂ ಬರೆಯುತ್ತಾರೆ. ಬರೆದುಕೊಳ್ಳುವಾಗ ಆ '2' ಬಿಟ್ಟುಹೋಗುವುದೇ ಹೆಚ್ಚಿನ ತಪ್ಪುಗಳ ಮೂಲ.

ಎಕ್ಸೆಲ್‌ನಲ್ಲಿ ಸೂತ್ರ ಹಾಕಿದ ತಕ್ಷಣ ಒಂದು ಪರೀಕ್ಷೆ ಮಾಡಿ: ಮೇಲಿನ ಗುಂಪಿಗೆ 27, ಕೆಳಗಿನದಕ್ಕೆ 0 ತುಂಬಿ. ಉತ್ತರ 1 ಬರಲೇಬೇಕು. 0.5 ಬಂದರೆ ಛೇದ ತಪ್ಪಿದೆ. ಹತ್ತು ಸೆಕೆಂಡಿನ ಕೆಲಸ, ಇಡೀ ಪತ್ರಿಕೆಯ ಲೆಕ್ಕವನ್ನು ಕಾಯುತ್ತದೆ.

ಡಿಸ್ಕ್ರಿಮಿನೇಶನ್‌ಗೆ ಶೈಕ್ಷಣಿಕ ಮಾಪನ ತಜ್ಞ ಎಬೆಲ್ ಕೊಟ್ಟ ಅಳತೆ: 0.40 ಮತ್ತು ಮೇಲೆ ಬಹಳ ಒಳ್ಳೆಯದು, 0.30ರಿಂದ 0.39 ಚೆನ್ನಾಗಿದೆ, 0.20ರಿಂದ 0.29 ತಿದ್ದಬೇಕು, ಅದಕ್ಕಿಂತ ಕೆಳಗೆ ದುರ್ಬಲ. ಇದನ್ನು ಕಣ್ಣು ಮುಚ್ಚಿ ಅನ್ವಯಿಸಬೇಡಿ. ಮೇಲಿನ ಗುಂಪಿನ 27 ಮಂದಿಯೂ, ಕೆಳಗಿನ ಗುಂಪಿನ 22 ಮಂದಿಯೂ ಸರಿ ಬರೆದರೆ ಡಿಫಿಕಲ್ಟಿ 91, ಡಿಸ್ಕ್ರಿಮಿನೇಶನ್ 0.19. ಅಷ್ಟು ಮಂದಿಗೆ ಗೊತ್ತಿರುವಾಗ ಅದಕ್ಕಿಂತ ಹೆಚ್ಚು ಬರಲು ಜಾಗವೇ ಇಲ್ಲ. ಅನಾಫಿಲಾಕ್ಸಿಸ್‌ಗೆ ಮೊದಲು ಅಡ್ರಿನಲಿನ್ ಎಂಬಂಥದ್ದು ಎಲ್ಲರಿಗೂ ಗೊತ್ತಿರಬೇಕು. ಆ ಪ್ರಶ್ನೆಯನ್ನು ಕಿತ್ತುಹಾಕುವುದು ದೊಡ್ಡ ತಪ್ಪು.

ಆಯ್ಕೆಗಳನ್ನು ಓದುವುದು

ಅಂಕಿ ದೂರು ಕೊಡುತ್ತದೆ, ಕಾರಣ ಆಯ್ಕೆಗಳಲ್ಲಿರುತ್ತದೆ. ಶೇ 5ಕ್ಕಿಂತ ಕಡಿಮೆ ಮಂದಿ ಆರಿಸಿದ ಡಿಸ್ಟ್ರಾಕ್ಟರ್ (ತಪ್ಪು ಆಯ್ಕೆ) ಕೆಲಸ ಮಾಡುತ್ತಿಲ್ಲ ಎಂದರ್ಥ. ಮೇಲಿನ ಪ್ರಶ್ನೆಯಲ್ಲಿ ಡಿ ಅಂಥದ್ದು: 54ರಲ್ಲಿ ಒಬ್ಬರು. ಪ್ಲೇಟ್‌ಲೆಟ್ ಬದಲು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಇಡಿ. ಅದೂ ಕುಸಿಯುತ್ತದೆ, ಆದರೆ ಫೆರಿಟಿನ್ ಆದ ಮೇಲೆ. ಅರ್ಧ ಓದಿದವರು ಅಲ್ಲಿ ಯೋಚಿಸುತ್ತಾರೆ.

ಡಿಸ್ಕ್ರಿಮಿನೇಶನ್ ಮೈನಸ್ ಬಂದರೆ ಮೊದಲು ಕೀ ನೋಡಿ. ಮೇಲಿನವರಲ್ಲಿ 6, ಕೆಳಗಿನವರಲ್ಲಿ 14 ಸರಿ ಎಂದರೆ −0.30. ಮೇಲಿನವರಲ್ಲಿ 19 ಮಂದಿ 'ಸಿ'ಯನ್ನೇ ಗುರುತು ಮಾಡಿದ್ದರೆ ಬಹುಶಃ ಕೀ ತಪ್ಪಾಗಿದೆ. ಅದೇ ಮೇಲಿನ ಗುಂಪು ಎರಡು ಆಯ್ಕೆಗಳ ನಡುವೆ ಸರಿಸುಮಾರು ಅರ್ಧರ್ಧ ಒಡೆದಿದ್ದರೆ ಎರಡೂ ಸಮರ್ಥಿಸಬಹುದಾದ ಉತ್ತರಗಳೇ ಎಂದು ಪರಿಶೀಲಿಸಿ. ಫಲಿತಾಂಶ ಪ್ರಕಟಿಸುವ ಮೊದಲೇ ಇದು ಆಗಬೇಕು, ಇಲ್ಲದಿದ್ದರೆ ಚೆನ್ನಾಗಿ ಓದಿದವರಿಗೇ ಅನ್ಯಾಯ.

ತರಗತಿಯಲ್ಲಿ 30 ಮಂದಿಯೇ ಇದ್ದರೆ ಶೇ 27 ಅಂದರೆ 8. ಒಬ್ಬರ ಉತ್ತರ ಬದಲಾದರೆ ಸೂಚ್ಯಂಕ 0.125 ಜಿಗಿಯುತ್ತದೆ. ಅಲ್ಲಿ ಎಲ್ಲರ ಉತ್ತರವನ್ನೂ ಬಳಸುವ ಪಾಯಿಂಟ್ ಬೈಸೀರಿಯಲ್ ಲೆಕ್ಕ (ಪ್ರಶ್ನೆಯ ಅಂಕಕ್ಕೂ ಒಟ್ಟು ಅಂಕಕ್ಕೂ ಇರುವ ಸಹಸಂಬಂಧ) ಮೇಲು.

ಸಂಶೋಧನೆಗೆ ಬಳಸುವಾಗ

ಅಧ್ಯಾಪಕರಿಗೆ ಪ್ರಶ್ನೆ ಬರೆಯುವುದನ್ನು ಕಲಿಸುವ ಕಾರ್ಯಾಗಾರ ಫಲ ಕೊಟ್ಟಿತೇ ಎಂದು ನೋಡಲೂ ಈ ಲೆಕ್ಕ ಬಳಸಬಹುದು. ಕಾರ್ಯಾಗಾರದ ಕೊನೆಯ ಫೀಡ್‌ಬ್ಯಾಕ್ ಹಾಳೆ, ತರಬೇತಿಯ ಫಲವನ್ನು ಅಳೆಯುವ ಕರ್ಕ್‌ಪ್ಯಾಟ್ರಿಕ್‌ನ ನಾಲ್ಕು ಹಂತಗಳಲ್ಲಿ ಮೊದಲನೆಯದು, ಪ್ರೀಟೆಸ್ಟ್ ಪೋಸ್ಟ್‌ಟೆಸ್ಟ್ ಎರಡನೆಯದು. ಕಾರ್ಯಾಗಾರಕ್ಕೆ ಮೊದಲು ಮತ್ತು ಆರು ತಿಂಗಳ ನಂತರ ಅದೇ ಅಧ್ಯಾಪಕರು ನಿಜವಾದ ಪರೀಕ್ಷೆಗೆ ಬರೆದ ಪ್ರಶ್ನೆಗಳನ್ನು ಹೋಲಿಸಿದರೆ ಮೂರನೆಯ ಹಂತದ, ಅಂದರೆ ನಡವಳಿಕೆಯ ಸಾಕ್ಷ್ಯ ಸಿಗುತ್ತದೆ. ಆದರೆ ಡಿಫಿಕಲ್ಟಿ, ಡಿಸ್ಕ್ರಿಮಿನೇಶನ್ ಎರಡೂ ಸೂಚ್ಯಂಕಗಳು ಪರೀಕ್ಷೆ ಬರೆದ ಬ್ಯಾಚ್‌ಗೆ ಅಂಟಿಕೊಂಡಿವೆ. ಬ್ಯಾಚ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಬರಹದ ದೋಷಗಳ ಪಟ್ಟಿ ಮಾಡಿ, ಯಾವ ಪ್ರಶ್ನೆ ಯಾವಾಗಿನದೆಂದು ತಿಳಿಯದ ಇಬ್ಬರಿಂದ ಬೇರೆ ಬೇರೆಯಾಗಿ ಎಣಿಸಿಸಿ. ಎಥಿಕ್ಸ್ ಸಮಿತಿಯ ಅನುಮತಿ ದತ್ತಾಂಶ ಸಂಗ್ರಹಕ್ಕೆ ಮೊದಲೇ ಬೇಕು. ರೋಲ್ ನಂಬರ್ ತೆಗೆದು ಕೋಡ್ ಹಾಕಿದ ಪ್ರತಿಯಲ್ಲಷ್ಟೇ ವಿಶ್ಲೇಷಣೆ ಮಾಡಿ.