ಮಳೆ ಆಮೇಲೆ ಹುಲ್ಲು, ಹುಲ್ಲಾದ ಮೇಲೆ ಇಲಿ, ಇಲಿಯ ಹಿಂದೆ ಜ್ವರ

ಇಲಿಗಳಿಂದ ಹರಡುವ ರೋಗಗಳು ಮಳೆಗಾಲದಲ್ಲಿ ಜಾಸ್ತಿ ಅಂತ ಎಲ್ಲರೂ ಬರೆದುಕೊಂಡಿರುತ್ತೇವೆ. ಆದರೆ ನಮ್ಮ ಮುಳಬಾಗಿಲು ಕಡೆ ನೋಡಿದರೆ ಲೆಕ್ಕ ಹಾಗೆ ಕೂರುವುದಿಲ್ಲ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳ್ಳೆ ಮಳೆ. ಬಿಡದ ಜ್ವರ ಅಂತ ಜನ ಬರುವುದು ಮಾತ್ರ ಹೆಚ್ಚಾಗಿ ಅದಾದ ಮೇಲೆ, ರಾಗಿ ಕೊಯ್ಲಿನ ಹೊತ್ತಿಗೆ. ನಡುವೆ ಇಷ್ಟು ದಿನ ಯಾಕೆ? ಈ ಟಿಪ್ಪಣಿ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ. ಅದೊಂದು ಹಿಡಿತಕ್ಕೆ ಸಿಕ್ಕರೆ ಉಳಿದ ಪಾಠ ಸಲೀಸು.

ಮಳೆಗೂ ಜ್ವರಕ್ಕೂ ನೇರ ಸಂಬಂಧ ಕಡಿಮೆ. ಮಧ್ಯೆ ಮೂರು ನಾಲ್ಕು ಕೈ ಬದಲಾಗುತ್ತದೆ. ಮಳೆ ಬಂದರೆ ಹುಲ್ಲು, ಪೊದೆ ಬೆಳೆಯಬೇಕು. ಅದು ಬೀಜ ಕಟ್ಟಬೇಕು. ಬೀಜ ತಿಂದು ಇಲಿ ಮರಿ ಹಾಕಬೇಕು. ಇಲಿಗೆ ಬಸಿರು ಸುಮಾರು ಮೂರೇ ವಾರ. ಆ ಮರಿಗಳೂ ಎರಡು ಮೂರು ತಿಂಗಳಲ್ಲಿ ತಾಯಿಯಾಗುತ್ತವೆ. ಇಲಿ ಹೆಚ್ಚಾದ ಮೇಲೆ ಅದರ ಮೈಮೇಲಿನ ಚಿಗಟ, ನುಸಿಗಳೂ ಹೆಚ್ಚಬೇಕು. ಕೊನೆಗೆ ಮನುಷ್ಯ ಆ ಜಾಗಕ್ಕೆ ಹೋಗಬೇಕು, ಇಲ್ಲ ಇಲಿ ಮನುಷ್ಯನ ಹತ್ತಿರ ಬರಬೇಕು. ಒಂದೊಂದು ಹಂತಕ್ಕೂ ಕಾಲ ಹಿಡಿಯುತ್ತದೆ, ಅಲ್ವಾ? ಆ ಕಾಲವನ್ನೇ ನಾವು ಇಲ್ಲಿ 'ತಡ' ಅಂತ ಕರೆಯೋಣ.

ಇದನ್ನು ಚೆನ್ನಾಗಿ ತೋರಿಸಿದ್ದು ಅಮೆರಿಕದ ಒಂದು ಘಟನೆ. 1993ರ ಮೇ ತಿಂಗಳು. ನ್ಯೂ ಮೆಕ್ಸಿಕೋ, ಅರಿಜೋನಾ, ಕೊಲೊರಾಡೊ, ಯೂಟಾ ರಾಜ್ಯಗಳು ಕೂಡುವ ಒಣ ಪ್ರದೇಶದಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರು ಕಟ್ಟಿ ಕೆಲವೇ ದಿನಗಳಲ್ಲಿ ಸತ್ತರು. ಕಾರಣ ಹೊಸದೊಂದು ಹ್ಯಾಂಟಾ ವೈರಸ್. ಅದಕ್ಕೆ ಆಮೇಲೆ 'ಸಿನ್ ನೋಂಬ್ರೆ' ಅಂತ ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ 'ಹೆಸರಿಲ್ಲದ್ದು'. ಇದು ಡೀರ್ ಮೌಸ್ ಎಂಬ ಇಲಿಯ ಉಚ್ಚೆ, ಹಿಕ್ಕೆಯಲ್ಲಿರುತ್ತದೆ. ಅದು ಒಣಗಿ ದೂಳಾಗಿ ಮನುಷ್ಯನ ಉಸಿರಿಗೆ ಸೇರುತ್ತದೆ. ಇಲಿಗೆ ಮಾತ್ರ ಏನೂ ಆಗುವುದಿಲ್ಲ.

ಅದೇ ವರ್ಷ ಯಾಕೆ ಬಂತು? ಹಲವು ವರ್ಷ ಬರ ಇದ್ದ ಆ ನೆಲದಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆಯ ಲಯ ಬದಲಾಗುವುದು) ಕಾರಣಕ್ಕೆ 1992ರಲ್ಲಿ ಭಾರಿ ಮಳೆ, ಹಿಮ ಸುರಿದಿತ್ತು. ಪಿನ್ಯಾನ್ ಎಂಬ ಪೈನ್ ಮರದ ಬೀಜ ರಾಶಿ ಬಿತ್ತು. ಇಲಿಗಳು ಒಂದು ವರ್ಷದಲ್ಲಿ ಸುಮಾರು ಹತ್ತು ಪಟ್ಟಾದವು. ಮಳೆ ಒಂದು ವರ್ಷ, ಸಾವು ಇನ್ನೊಂದು ವರ್ಷ. ಗಮನಿಸಿ, ಅದು ನಮ್ಮ ಪಾವಗಡ, ಬಾಗೇಪಲ್ಲಿಯಂತೆ ಒಣ ಸೀಮೆ. ಸದಾ ಹಸಿರಿರುವ ಕಡೆ ಒಂದು ಮಳೆಯಿಂದ ಇಷ್ಟು ವ್ಯತ್ಯಾಸ ಆಗುವುದಿಲ್ಲ. ಬರದ ನೆಲಕ್ಕೆ ಒಂದು ಒಳ್ಳೆ ವರ್ಷ ಬಂದಾಗ ಇಲಿಯ ಸಂಖ್ಯೆ ಹಠಾತ್ತನೆ ಏರುತ್ತದೆ. ಆದ್ದರಿಂದ ನಮ್ಮ ಕಡೆಯವರು ಈ ಉದಾಹರಣೆಯನ್ನು ಬೇರೆ ದೇಶದ ಕತೆ ಅಂತ ಪಕ್ಕಕ್ಕಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲೂ 2021ರ ನವೆಂಬರ್ ಮಳೆಗೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದದ್ದು ನೆನಪಿದೆಯಲ್ಲ?

ಈಗ ನಮ್ಮ ಹೊಲಕ್ಕೆ ಬರೋಣ. ನಮಗೆ ಮುಖ್ಯವಾದದ್ದು ಸ್ಕ್ರಬ್ ಟೈಫಸ್ ಎಂಬ ಜ್ವರ. ಸ್ಕ್ರಬ್ ಅಂದರೆ ಕುರುಚಲು ಗಿಡ, ಹೆಸರಲ್ಲೇ ಅದು ಇದೆ. ರೋಗಾಣುವಿನ ಹೆಸರು ಓರಿಯೆಂಟಿಯಾ ಸುಸುಗಮುಶಿ. ಹರಡುವುದು ಒಂದು ಜಾತಿಯ ನುಸಿಯ ಮರಿ, ಚಿಗರ್ ಅನ್ನುತ್ತಾರೆ. ಉದ್ದ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ಇರಬಹುದು, ಕಣ್ಣಿಗೆ ಬೀಳುವುದೇ ಕಷ್ಟ. ಇಲ್ಲಿ ಪರೀಕ್ಷೆಯಲ್ಲಿ ಹೆಚ್ಚು ಜನ ತಪ್ಪು ಬರೆಯುತ್ತಾರೆ. ರೋಗಾಣುವನ್ನು ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಳ್ಳುವುದು ಇಲಿಯಲ್ಲ, ನುಸಿ. ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಅದು ದಾಟುತ್ತದೆ. ಇಲಿ, ಹೆಗ್ಗಣ, ಸುಂಡಿಲಿಗಳು ಆ ಮರಿಗಳಿಗೆ ಊಟ ಕೊಟ್ಟು ಸಾಕುತ್ತವೆ ಅಷ್ಟೆ. (ಸುಂಡಿಲಿ ನಿಜವಾಗಿ ಇಲಿ ಜಾತಿಯೇ ಅಲ್ಲ. ಆದರೂ ನುಸಿಗೆ ಅದೂ ನಡೆಯುತ್ತದೆ.) ನುಸಿ ಪ್ರಾಣಿಯ ಮೈ ಹತ್ತುವುದು ಮರಿಯಾಗಿದ್ದಾಗ ಮಾತ್ರ. ದೊಡ್ಡದಾದ ಮೇಲೆ ಮಣ್ಣಲ್ಲೇ ಜೀವನ.

ಈ ಮರಿಗೆ ತೇವ ಬೇಕು. ಬಿರುಬಿಸಿಲಲ್ಲಿ ಒಣಗಿ ಸಾಯುತ್ತದೆ. ಹಾಗಾಗಿ ಅದು ಕಾಯುವ ಜಾಗಗಳು ಯಾವುವು ನೋಡಿ: ಬದುವಿನ ಎತ್ತರದ ಹುಲ್ಲು, ಲಂಟಾನ ಪೊದೆಯ ಬುಡ, ಹಿತ್ತಲಿನ ಸೌದೆ ರಾಶಿ. ಹಿಂಗಾರು ಮಳೆ ಮುಗಿದು ಹುಲ್ಲು ಸೊಂಟದೆತ್ತರ ನಿಂತಿರುತ್ತದೆ, ನೆಲ ಇನ್ನೂ ಆರಿರುವುದಿಲ್ಲ. ಅದೇ ಹೊತ್ತಿಗೆ ನಾವು ಕುಡುಗೋಲು ಹಿಡಿದು ರಾಗಿ ಕೊಯ್ಯಲು ಹೊಲಕ್ಕೆ ಇಳಿಯುತ್ತೇವೆ. ಮೇವು ಕೊಯ್ಯಲು ಹೆಂಗಸರು ಬದುವಿನಲ್ಲೇ ಕೂತಿರುತ್ತಾರೆ. ತಡದ ಲೆಕ್ಕ ಸರಿಯಾಗಿ ಕೂರುವುದು ಇಲ್ಲೇ.

ನಮ್ಮ ಚಿಕ್ಕಪ್ಪನಿಗೂ ಹೀಗೇ ಆಯಿತು. ಕೊಯ್ಲು ಮುಗಿದ ವಾರದಲ್ಲಿ ಜ್ವರ, ತಲೆಸಿಡಿತ. ಒಂದು ಕಡೆ ಟೈಫಾಯ್ಡ್ ಅಂತ ಐದು ದಿನ ಔಷಧಿ ಕೊಟ್ಟರು, ಇಳಿಯಲಿಲ್ಲ. ಇನ್ನೊಬ್ಬ ವೈದ್ಯರು ಮೈಯೆಲ್ಲ ಹುಡುಕಿ, "ಸ್ವಲ್ಪ ಉಡುದಾರ ಮೇಲೆ ಸರಿಸಿ" ಅಂದರು. ಅದರಡಿ ಬೀಡಿಯಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆ ಇಲ್ಲ. ಅದಕ್ಕೇ ಎಸ್ಕಾರ್ ಅನ್ನುವುದು. ನುಸಿ ಬಟ್ಟೆ ಬಿಗಿಯಾಗಿರುವ ಕಡೆ, ಕಂಕುಳು, ತೊಡೆಸಂದು ಇಂಥ ಜಾಗ ಹುಡುಕಿ ಕಚ್ಚುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಔಷಧಿ ಶುರು ಮಾಡಿದ ಎರಡನೇ ದಿನಕ್ಕೆ ಜ್ವರ ಇಳಿಯಿತು. ಆದರೆ ಎಲ್ಲ ರೋಗಿಗಳಲ್ಲೂ ಈ ಗುರುತು ಇರುವುದಿಲ್ಲ, ಕಪ್ಪು ಮೈಬಣ್ಣದಲ್ಲಿ ಗೊತ್ತಾಗುವುದೂ ಕಷ್ಟ. ಹಾಗಾಗಿ "ಹೊಲಕ್ಕೆ ಹೋಗಿದ್ರಾ? ಯಾವಾಗ?" ಅನ್ನುವ ಪ್ರಶ್ನೆಯನ್ನು ಬಿಡಲೇಬೇಡಿ.

ಲೆಪ್ಟೊಸ್ಪೈರೋಸಿಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜನ ಇಲಿಜ್ವರ ಅನ್ನುವುದು ಇದಕ್ಕೇ. ಇಲಿಯ ಉಚ್ಚೆ ಬೆರೆತ ನೀರು ಕಾಲಿನ ಬಿರುಕು, ಗಾಯದಲ್ಲಿ ಇಳಿಯುತ್ತದೆ. ಇಲ್ಲಿ ಗಿಡದ ಪಾತ್ರ ಕಡಿಮೆ, ನಿಂತ ನೀರಿನದ್ದು ಜಾಸ್ತಿ. ತಡವೂ ಕಡಿಮೆ, ನೆರೆ ಬಂದ ಕೆಲವು ವಾರಗಳಲ್ಲೇ ಕಾಣಿಸುತ್ತದೆ. 2018ರ ಕೇರಳದ ನೆರೆಯ ನಂತರ ಆದದ್ದು ಅದೇ.

ಪ್ಲೇಗಿನ ವಿಷಯ ಬೇರೆ. ಕೋಲಾರದವರು ಅದನ್ನು ಹಳೆ ಕಾಲದ್ದು ಅಂದುಕೊಳ್ಳುವಂತಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ನಮ್ಮ ಗಡಿಯೇ ಕಾಡಿಲಿಗಳ ಪ್ಲೇಗಿನ ಗುರುತಿಸಿದ ನೆಲೆ. ಬೆಂಗಳೂರಿನಲ್ಲಿ ಪ್ಲೇಗ್ ಕಣ್ಗಾವಲು ಘಟಕ ಇರುವುದಕ್ಕೆ ಅದೂ ಒಂದು ಕಾರಣ. ಸೂರತ್‌ನಲ್ಲಿ ಪ್ಲೇಗ್ ಬಂದ 1994ಕ್ಕೆ ಮುಂಚೆ ದೇಶದಲ್ಲಿ ಕಡೆಯದಾಗಿ ಪ್ಲೇಗ್ ದಾಖಲಾದದ್ದು 1966ರಲ್ಲಿ, ಕರ್ನಾಟಕದಲ್ಲೇ. ಬಯಲಿನ ಬಿಲಗಳಲ್ಲಿ ಬದುಕುವ ಟಟೇರಾ ಇಂಡಿಕಾ, ಬಾಲದ ತುದಿಗೆ ಕಪ್ಪು ಕುಚ್ಚಿರುವ ಇಲಿ, ಪ್ಲೇಗನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಮನೆ ಇಲಿ ತಡೆದುಕೊಳ್ಳದೆ ಸಾಯುತ್ತದೆ. ರೋಗಾಣು ಹೊತ್ತ ಅದರ ಚಿಗಟ ಆಗ ಬೇರೆ ಮೈ, ಅಂದರೆ ಮನುಷ್ಯನನ್ನೂ, ಹುಡುಕುತ್ತದೆ. "ಇಲಿ ಬಿತ್ತು ಅಂದರೆ ಆ ಹೊತ್ತೇ ಊರು ಬಿಡುತ್ತಿದ್ದರು" ಅಂತ ಅಜ್ಜಿ ಹೇಳುತ್ತಿದ್ದರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಸೂಕ್ಷ್ಮಾಣುವಿನ ಹೆಸರೇ ತಿಳಿಯದ ಜನ ಚಿಗಟದಿಂದ ದೂರ ಹೋಗುತ್ತಿದ್ದರು! ಹಾಗಾಗಿಯೇ ಪ್ಲೇಗ್ ಶಂಕೆ ಇದ್ದಲ್ಲಿ ಮೊದಲು ಚಿಗಟಕ್ಕೆ ಔಷಧಿ, ಆಮೇಲೆ ಇಲಿಗೆ ಪಾಷಾಣ. ಈ ಕ್ರಮ ಹಿಂದುಮುಂದಾದರೆ ಅಪಾಯ.

ಪ್ಲೇಗಿಗೆ ಶಾಖವೂ ಲೆಕ್ಕಕ್ಕೆ ಬರುತ್ತದೆ. ರೋಗಾಣು ಚಿಗಟದ ಹೊಟ್ಟೆಯಲ್ಲಿ ಗಂಟು ಕಟ್ಟಿ ದಾರಿ ಮುಚ್ಚಿದರೆ, ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಸುಮಾರು 27-28 ಡಿಗ್ರಿ ಮೀರಿದರೆ ಆ ಗಂಟು ಸರಿಯಾಗಿ ನಿಲ್ಲುವುದಿಲ್ಲ. ಆದ್ದರಿಂದ ಹಿಂದೆ ಕಡು ಬೇಸಿಗೆಯಲ್ಲಿ ಪ್ಲೇಗ್ ಇಳಿಯುತ್ತಿತ್ತು. ಹಾಗಾದರೆ ಭೂಮಿ ಬಿಸಿಯಾದರೆ ಒಳ್ಳೆಯದಾ? ಅಲ್ಲ. ತಣ್ಣನೆಯ ಕಜಾಕಿಸ್ತಾನದಲ್ಲಿ 1949ರಿಂದ 1995ರವರೆಗಿನ ದಾಖಲೆ ನೋಡಿದಾಗ, ವಸಂತದ ಶಾಖ ಒಂದು ಡಿಗ್ರಿ ಏರಿದರೆ ಅಲ್ಲಿನ ಇಲಿಗಳಲ್ಲಿ ಪ್ಲೇಗ್ 50 ಶೇಕಡಾಕ್ಕಿಂತ ಜಾಸ್ತಿ ಆಗುತ್ತದೆ ಅಂತ ತಿಳಿಯಿತು. ಅಲ್ಲೂ ತಡ ಇದೆ. ಇಲಿ ಸಂಖ್ಯೆ ಒಂದು ಮಿತಿ ದಾಟಿದ ಸುಮಾರು ಎರಡು ವರ್ಷಕ್ಕೆ ಪ್ಲೇಗ್ ಹಬ್ಬುತ್ತದೆ.

ಈ ತಡವೇ ಮುಂಚೆಯೇ ಎಚ್ಚರವಾಗಲು ನಮಗೆ ಸಿಗುವ ಸಮಯ. ಉಪಗ್ರಹದಿಂದ ಹಸಿರನ್ನು ಅಳೆಯುವ ಎನ್‌ಡಿವಿಐ ಎಂಬ ಲೆಕ್ಕವಿದೆ. ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಆ ವ್ಯತ್ಯಾಸದಿಂದ ಹಸಿರು ಎಷ್ಟಿದೆ ಅಂತ ಗೊತ್ತಾಗುತ್ತದೆ. ಆದರೆ ಹಸಿರು ಅಂದರೆಲ್ಲ ಒಂದೇ ಅಲ್ಲ. ನೀಲಗಿರಿ ತೋಪೂ ಹಸಿರು, ರಾಗಿ ಹೊಲವೂ ಹಸಿರು. ಇಲಿಗೆ ಕಾಳು ಎಲ್ಲಿ ಅಂತ ಉಪಗ್ರಹ ಹೇಳುವುದಿಲ್ಲ. ಅದಕ್ಕೆ ಬದು ಮೇಲೆ ನಡೆದು ಬಿಲ ಎಣಿಸಬೇಕು.

ಅಭ್ಯಾಸಕ್ಕೆ ಒಂದು ಕೆಲಸ ಮಾಡಿ. ನಿಮ್ಮ ಹೋಬಳಿಯ ಮಳೆ ಲೆಕ್ಕವನ್ನು ತಿಂಗಳುವಾರು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ಹುಲ್ಲು ಯಾವಾಗ ಬೀಜ ಕಟ್ಟಿತು, ಕೊಯ್ಲು ಯಾವಾಗ, ಜ್ವರ ಯಾವಾಗ ಅಂತ ಸೇರಿಸಿ. ಹಳೆ ದಾಖಲೆ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ 'ಕೋಲಾರ' ಅಂದರೆ ಎರಡೂ ಸೇರಿದ್ದು.