ಮಗಳ ಪಿಎಚ್‌ಡಿ 5 ವರ್ಷ ಆದರೂ ಮುಗಿದಿಲ್ಲ, ಯಾಕೆ?

ಪ್ರಶ್ನೆ: ನನ್ನ ಮಗಳು ಡಿಎನ್‌ಎ ರಿಪೇರಿ ಅನ್ನೋ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. 5 ವರ್ಷ ದಾಟಿತು. ಯಾವಾಗ ಮುಗಿಯುತ್ತೆ ಅಂತ ಕೇಳಿದರೆ ‘ಗೊತ್ತಿಲ್ಲಮ್ಮ’ ಅಂತಾಳೆ. ಭಾನುವಾರವೂ ಲ್ಯಾಬ್‌ಗೆ ಹೋಗುತ್ತಾಳೆ. ಅಲ್ಲಿ ಅಷ್ಟೊಂದು ಮಾಡುವುದಾದರೂ ಏನಿರುತ್ತೆ? ಇಷ್ಟು ತಡ ಯಾಕೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹೆಚ್ಚಾಗಿ ಕೇಳುವವರು ಅಮ್ಮಂದಿರು. ನನ್ನಮ್ಮನೂ ಕೇಳುತ್ತಿದ್ದರು. ನಾನೂ ಇದೇ ವಿಷಯದಲ್ಲಿ 6 ವರ್ಷ ಕಳೆದವಳು. ಆಗ ಫೋನಿನಲ್ಲಿ ನಾನೂ ‘ಗೊತ್ತಿಲ್ಲಮ್ಮ’ ಅಂದು ಮಾತು ಬದಲಾಯಿಸುತ್ತಿದ್ದೆ. ಅವರಿಗೆ ಆಗ ಹೇಳಬೇಕಿದ್ದುದನ್ನು ಈಗ ನಿಮಗೆ ಹೇಳುತ್ತೇನೆ.

ಮೊದಲು ಭಾನುವಾರದ ವಿಷಯ. ನಿಮ್ಮ ಮಗಳು ಸಾಮಾನ್ಯವಾಗಿ ಮಾಡುವ ಒಂದು ಪ್ರಯೋಗ ಹೀಗಿರುತ್ತದೆ. ಒಂದು ಪ್ಲೇಟಿಗೆ ಎಣಿಸಿ ಕೆಲವು ನೂರು ಜೀವಕೋಶ ಹಾಕುತ್ತಾಳೆ. ಅವುಗಳ ಡಿಎನ್‌ಎ ಕೆಡುವಂಥ ಔಷಧಿ ಕೊಡುತ್ತಾಳೆ. ಆಮೇಲೆ 37 ಡಿಗ್ರಿಯ ಇನ್ಕ್ಯುಬೇಟರಿನಲ್ಲಿ ಸುಮಾರು 2 ವಾರ ಬಿಡುತ್ತಾಳೆ. ತನ್ನ ಡಿಎನ್‌ಎ ಸರಿಮಾಡಿಕೊಂಡು ಬದುಕಿದ ಒಂದೊಂದು ಕೋಶವೂ ಬೆಳೆದು ಒಂದೊಂದು ಗುಂಪಾಗುತ್ತದೆ. ಅದಕ್ಕೆ ಕಾಲೊನಿ ಅಂತಾರೆ. ನೇರಳೆ ಬಣ್ಣ ಹಾಕಿ ತೊಳೆದರೆ ಪ್ಲೇಟಿನ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಗಳು ಕಾಣುತ್ತವೆ. ಅವನ್ನು ಒಂದೊಂದಾಗಿ ಎಣಿಸಬೇಕು. ಒಂದು ಚುಕ್ಕೆಯಲ್ಲಿ 50ಕ್ಕಿಂತ ಕಡಿಮೆ ಕೋಶಗಳಿದ್ದರೆ ಅದು ಲೆಕ್ಕಕ್ಕಿಲ್ಲ.

ಎರಡು ಬಗೆಯ ಕೋಶ, 6 ಡೋಸ್, ಒಂದೊಂದಕ್ಕೂ 3 ಪ್ಲೇಟ್. ಒಟ್ಟು 36 ಪ್ಲೇಟ್. ಬೇರೆ ಬೇರೆ ಸಲ ಕನಿಷ್ಠ 3 ಬಾರಿ ಮಾಡಿ, ಉತ್ತರ ಒಂದೇ ಬಂದರೆ ಮಾತ್ರ ನಂಬುವುದು. ಅಲ್ಲಿಗೆ ಒಂದು ಗ್ರಾಫಿನ ಎರಡು ಗೆರೆಗೆ ಒಂದೂವರೆ ತಿಂಗಳು. 14ನೇ ದಿನ ಭಾನುವಾರ ಬಿದ್ದರೆ ಭಾನುವಾರವೇ ಹೋಗಬೇಕು. ಕೋಶಗಳಿಗೆ ರಜೆ ಇಲ್ಲ.

ನನಗೆ ಒಂದು ಸಲ 11ನೇ ದಿನ ಇನ್ಕ್ಯುಬೇಟರಿನ ಬಾಗಿಲು ತೆಗೆದಾಗ ಒಂದು ಪ್ಲೇಟಿನ ಅಂಚಿನಲ್ಲಿ ಹತ್ತಿಯಂಥ ಬೂಷ್ಟು ಕಂಡಿತು. ಪಕ್ಕದ ಪ್ಲೇಟಿನಲ್ಲೂ ಇತ್ತು. 36ನ್ನೂ ಬಿಸಾಡಿ, ಇನ್ಕ್ಯುಬೇಟರನ್ನು ಉಜ್ಜಿ ತೊಳೆದು, ಮತ್ತೆ ಮೊದಲನೇ ದಿನದಿಂದ ಶುರು ಮಾಡಿದೆ. ಆ ವಾರ ಅಮ್ಮನ ಫೋನ್ ತೆಗೆದಿರಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ.

ಇಂಥದ್ದು ಎಲ್ಲ ಲ್ಯಾಬ್‌ನಲ್ಲೂ ಇದ್ದದ್ದೇ. ಆದರೆ ಡಿಎನ್‌ಎ ರಿಪೇರಿಯಲ್ಲಿ ಇನ್ನೊಂದು ಕಷ್ಟ ಇದೆ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಬಿಸಿಲು, ತಂಬಾಕು ಇವೆಲ್ಲ ಬೇಡ, ಮೈಯೊಳಗಿನ ನೀರು ಮತ್ತು ಶಾಖವೇ ಅದನ್ನು ಕೆಡಿಸಲು ಸಾಕು. ಒಂದು ಕೋಶದಲ್ಲಿ ದಿನಕ್ಕೆ ಸಾವಿರಾರು ಕಡೆ ಅದರ ‘ಅಕ್ಷರ’ (ಅದನ್ನು ಕಟ್ಟಿರುವ ರಾಸಾಯನಿಕ ಬಿಡಿಭಾಗ) ಉದುರುತ್ತದೆ ಅಥವಾ ಬದಲಾಗುತ್ತದೆ. ಆದರೂ ನಾವು ಆರಾಮಾಗಿ ಇದ್ದೇವೆ. ಯಾಕಂದರೆ ರಿಪೇರಿ ಮಾಡುವ ಎಂಜೈಮುಗಳು (ಕೋಶದೊಳಗೆ ಕೆಲಸ ಮಾಡುವ ಪ್ರೋಟೀನುಗಳು) ಆಗಿಂದಾಗ ಸರಿಮಾಡಿಬಿಡುತ್ತವೆ. ಅಂದರೆ ನಿಮ್ಮ ಮಗಳು ಹುಡುಕುತ್ತಿರುವುದು, ನೋಡುವಷ್ಟರಲ್ಲಿ ಇಲ್ಲವಾಗುವ ವಸ್ತು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಮಾಡಿನ ಹಂಚು ಕೈಯಾಡಿಸುತ್ತಾರಲ್ಲ, ಆ ಕೆಲಸದವರನ್ನು ನೀವು ಯಾವತ್ತೂ ಕಣ್ಣಾರೆ ಕಂಡಿಲ್ಲ ಅಂತ ಇಟ್ಟುಕೊಳ್ಳಿ. ಮನೆ ಸೋರುವುದಿಲ್ಲ ಅನ್ನುವುದಷ್ಟೇ ಗೊತ್ತು. ಅವರು ಯಾರು, ಏನು ಮಾಡಿದರು ಅಂತ ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ತಡೆದು, ಎಲ್ಲಿ ಸೋರುತ್ತೆ ಅಂತ ನೋಡಬೇಕು. ಲ್ಯಾಬ್‌ನಲ್ಲೂ ಅಷ್ಟೇ. ಒಂದು ಜೀನ್ ತೆಗೆದುಹಾಕಿ ಕೋಶಕ್ಕೆ ಏನಾಯಿತು ಅಂತ ನೋಡುತ್ತಾರೆ. ಎಷ್ಟೋ ಸಲ ಏನೂ ಆಗಿರುವುದಿಲ್ಲ. ಒಬ್ಬರು ಬರದಿದ್ದರೆ ಇನ್ನೊಬ್ಬರು ಬಂದು ಅದೇ ಕೆಲಸ ಮಾಡಿ ಹೋಗಿರುತ್ತಾರೆ. ಕೋಶಕ್ಕೆ ಅದು ಒಳ್ಳೆಯದೇ. ಆ ಜೀನನ್ನು ತೆಗೆಯಲು 8 ತಿಂಗಳು ಕಷ್ಟಪಟ್ಟ ವಿದ್ಯಾರ್ಥಿಗೆ ಮಾತ್ರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈ ಕ್ಷೇತ್ರವನ್ನು ಕಟ್ಟಿದವರಿಗೂ ಹೀಗೇ ತುಂಬಾ ಸಮಯ ಹಿಡಿದಿದೆ. ಸ್ವೀಡನ್ನಿನ ಟೋಮಸ್ ಲಿಂಡಾಲ್ 1960ರ ದಶಕದ ಕೊನೆಯಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಿಎನ್‌ಎಯ ಸೋದರನಂಥ ಅಣು ಆರ್‌ಎನ್‌ಎ ಮೇಲೆ ಕೆಲಸ ಮಾಡುತ್ತಿದ್ದರು. ಬಿಸಿ ಮಾಡಿದರೆ ಸಾಕು, ಅದು ಹಾಳಾಗುತ್ತಿತ್ತು. ಹಾಗಾದರೆ ಡಿಎನ್‌ಎ ಮಾತ್ರ ಅಷ್ಟು ಗಟ್ಟಿಯಾ ಅನ್ನೋ ಅನುಮಾನ ಅವರಿಗೆ ಬಂತು. ಆಗ ಎಲ್ಲರೂ ಡಿಎನ್‌ಎ ಬಹಳ ಗಟ್ಟಿ ಅಂತಲೇ ನಂಬಿದ್ದರು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಗೆ ಮರಳಿದ ಮೇಲೆ ಅವರು ಅದನ್ನು ಪರೀಕ್ಷಿಸಿದರು. ಅದು ನಿಧಾನವಾಗಿ, ಆದರೆ ಖಂಡಿತವಾಗಿ ಕೆಡುತ್ತದೆ ಅಂತ ತೋರಿಸಿದರು. 1974ರಲ್ಲಿ ಕೆಟ್ಟ ಅಕ್ಷರ ಕಿತ್ತುಹಾಕುವ ಒಂದು ಎಂಜೈಮನ್ನು ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದರು. ಮನುಷ್ಯರಲ್ಲಿ ನಡೆಯುವ ಅದೇ ರಿಪೇರಿಯನ್ನು ಟ್ಯೂಬಿನೊಳಗೆ ಪೂರ್ತಿ ಮಾಡಿ ತೋರಿಸಿದ್ದು 1996ರಲ್ಲಿ. ನಡುವೆ 22 ವರ್ಷ. ಅವರು ಕಂಡ ಆ ಎಂಜೈಮಿನ ಬಗ್ಗೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಉಮೇಶ್ ವರ್ಷ್ನೆ ಅವರ ಲ್ಯಾಬ್ ದಶಕಗಳ ಕಾಲ ಕೆಲಸ ಮಾಡಿದೆ.

ನನಗೆ ಜಾಸ್ತಿ ಹತ್ತಿರದ ಕಥೆ ಅಜೀಜ್ ಸಂಜಾರ್ ಅವರದು. ಟರ್ಕಿಯ ಸಾವುರ್ ಅನ್ನೋ ಸಣ್ಣ ಊರಿನವರು. 8 ಮಕ್ಕಳಲ್ಲಿ 7ನೆಯವರು. ಡಾಕ್ಟರ್ ಓದಿ, ಹಳ್ಳಿಯಲ್ಲಿ ರೋಗಿಗಳನ್ನು ನೋಡಿ, ಆಮೇಲೆ ಸಂಶೋಧನೆಗೆ ಅಂತ ಅಮೆರಿಕಕ್ಕೆ ಹೋದರು. ಅವರನ್ನು ಹಿಡಿದಿಟ್ಟಿದ್ದು ಒಂದು ವಿಚಿತ್ರ: ನೇರಳಾತೀತ ಬೆಳಕು ಬಿದ್ದು ಸಾಯಬೇಕಿದ್ದ ಬ್ಯಾಕ್ಟೀರಿಯಾ, ನೀಲಿ ಬೆಳಕು ತೋರಿಸಿದರೆ ಚೇತರಿಸಿಕೊಳ್ಳುತ್ತವೆ. ಡಲ್ಲಾಸ್‌ನಲ್ಲಿ ಕ್ಲಾಡ್ ರೂಪರ್ಟ್ ಅವರ ಕೈಕೆಳಗೆ 1976ರಲ್ಲಿ ಆ ರಿಪೇರಿ ಎಂಜೈಮಿನ ಜೀನನ್ನು ಸಂಜಾರ್ ಬೇರ್ಪಡಿಸಿದರು. ಇಷ್ಟು ಮಾಡಿದವರಿಗೆ ಮುಂದಿನ ಕೆಲಸ ಸಿಗಬೇಕು ಅಲ್ವಾ? 3 ಕಡೆ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸಕ್ಕೆ) ಅರ್ಜಿ ಹಾಕಿದರು, ಮೂರೂ ಕಡೆ ಬೇಡ ಅಂದರು. ಕೊನೆಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಡೀನ್ ರಪ್ ಅವರ ಲ್ಯಾಬ್‌ಗೆ ಟೆಕ್ನಿಷಿಯನ್ ಆಗಿ ಸೇರಿದರು. ಪಿಎಚ್‌ಡಿ ಮುಗಿಸಿದವರು ಟೆಕ್ನಿಷಿಯನ್! ಅಲ್ಲಿ ಹಿಡಿದ ಬೇರೊಂದು ರಿಪೇರಿಯ ಕೆಲಸವೇ ಅವರನ್ನು ಎತ್ತಿ ನಿಲ್ಲಿಸಿತು. ಬಿಸಿಲಿಗೆ ಕೆಟ್ಟ ಜಾಗದ ಎರಡೂ ಬದಿಗೆ ಕತ್ತರಿಸಿ, ಆ ತುಂಡನ್ನೇ ತೆಗೆದುಹಾಕುವ ರಿಪೇರಿ ಅದು. 1983ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. 2015ರ ರಸಾಯನ ವಿಜ್ಞಾನದ ನೊಬೆಲ್ ಸಂಜಾರ್, ಲಿಂಡಾಲ್ ಮತ್ತು ಪಾಲ್ ಮೋಡ್ರಿಚ್ ಮೂವರಿಗೂ ಸೇರಿ ಬಂತು. ಆ ಮೂರು ಕಡೆಯವರ ‘ಬೇಡ’ ತಪ್ಪಾಗಿತ್ತು ಅಂತ ಜಗತ್ತಿಗೆ ಗೊತ್ತಾಗಲು ಹತ್ತಿರ 40 ವರ್ಷ ಹಿಡಿಯಿತು.

ಇದರಿಂದ ಯಾರಿಗೇನು ಉಪಯೋಗ ಅಂತ ಕೇಳುವವರಿಗೆ ನಾನು ಒಂದು ಔಷಧಿಯ ಹೆಸರು ಹೇಳುತ್ತೇನೆ: ಓಲಾಪರಿಬ್. ಡಿಎನ್‌ಎ ಎಳೆ ತುಂಡಾದದ್ದನ್ನು ಪತ್ತೆ ಮಾಡುವ ಪಾರ್ಪ್ ಅನ್ನೋ ಎಂಜೈಮನ್ನು ಇದು ಕಟ್ಟಿಹಾಕುತ್ತದೆ. ತುಂಡಾದ ಡಿಎನ್‌ಎ ಜೋಡಿಸಲು ಬೇಕಾದ ಬಿಆರ್‌ಸಿಎ ಜೀನ್ ಕೆಟ್ಟಿರುವ ಕ್ಯಾನ್ಸರ್ ಕೋಶಕ್ಕೆ ಒಂದು ರಿಪೇರಿ ದಾರಿ ಮೊದಲೇ ಮುಚ್ಚಿರುತ್ತದೆ. ಎರಡನೆಯದನ್ನೂ ಮುಚ್ಚಿದರೆ ಅದು ಸಾಯುತ್ತದೆ. ಪಾರ್ಪ್‌ನ ಮೊದಲ ಸುಳಿವು ಸಿಕ್ಕಿದ್ದು 1963ರಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರಿನಲ್ಲಿ, ಅಂಡಾಶಯದ ಕ್ಯಾನ್ಸರಿಗೆ. ನಡುವೆ 51 ವರ್ಷ, ಎಷ್ಟೋ ಪಿಎಚ್‌ಡಿಗಳು.

ಈ ಉಪಾಯ ಕೆಲಸ ಮಾಡುತ್ತದೆ ಅಂತ 2005ರಲ್ಲಿ ಎರಡು ಬೇರೆ ಬೇರೆ ತಂಡಗಳು ತೋರಿಸಿದವು. ಎರಡೂ ಪೇಪರ್ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದದ್ದರಿಂದ ಇಬ್ಬರಿಗೂ ಹೆಸರು ಸಿಕ್ಕಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ. 4 ವರ್ಷ ಮಾಡಿದ ಕೆಲಸ ಬೇರೆ ಯಾರದೋ ಹೆಸರಿನಲ್ಲಿ ಒಂದು ಬೆಳಗ್ಗೆ ಪ್ರಕಟವಾಗಿರುತ್ತದೆ. ಲ್ಯಾಬ್ ಭಾಷೆಯಲ್ಲಿ ಅದಕ್ಕೆ ‘ಸ್ಕೂಪ್ ಆಯ್ತು’ ಅಂತಾರೆ. ಆಗ ಇದ್ದ ಡೇಟಾ ಇಟ್ಟುಕೊಂಡೇ ಹೊಸ ಪ್ರಶ್ನೆ ಹುಡುಕಬೇಕು. ಪೇಪರ್ ಕಳಿಸಿದ ಮೇಲೂ ರಿವ್ಯೂ ಮಾಡುವವರು ಇನ್ನೆರಡು ಪ್ರಯೋಗ ಬೇಕು ಅಂತಾರೆ. ಅದಕ್ಕೆ ಬೇಕಾದ ಆಂಟಿಬಾಡಿ (ಕೋಶದ ಒಂದು ಪ್ರೋಟೀನನ್ನು ಗುರುತಿಸಲು ಬಳಸುವ ವಸ್ತು) ಹೊರದೇಶದಿಂದ ಬರಬೇಕು. ಬೆರಳುಗುರಿನಷ್ಟು ದ್ರವಕ್ಕೆ 30–40 ಸಾವಿರ ರೂಪಾಯಿ, ಬರಲು ವಾರಗಟ್ಟಲೆ. ಮಧ್ಯದಲ್ಲಿ ಎಲ್ಲೋ ಐಸ್ ಕರಗಿ ಹೋದರೆ ಅದೂ ದಂಡ.

ಇಷ್ಟು ಹೇಳಿದ ಮೇಲೆ ಒಂದು ಮಾತು ಖಂಡಿತ ಹೇಳಬೇಕು. ತಡ ಆಗುವುದೆಲ್ಲ ವಿಜ್ಞಾನದ ಗುಣ ಅಲ್ಲ. ಗೈಡ್ ತಿಂಗಳುಗಟ್ಟಲೆ ಸಿಗದಿದ್ದರೆ, ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಆಗಾಗ ಕೂರಬೇಕಾದ ಕಮಿಟಿ ಕೂರದಿದ್ದರೆ, ಬರೆದುಕೊಟ್ಟ ಥೀಸಿಸ್ ಅಧ್ಯಾಯ ಮೇಜಿನ ಮೇಲೆಯೇ ಇದ್ದರೆ, ಅದು ಮನುಷ್ಯರು ಮಾಡುವ ತಡ. ಅದನ್ನು ಸಹಿಸಿಕೊಂಡು ಇರಬೇಕಾಗಿಲ್ಲ. ಕಮಿಟಿಯ ಬೇರೆ ಸದಸ್ಯರ ಹತ್ತಿರ ಹೋಗಿ ಮಾತಾಡಬಹುದು, ಮಾತಾಡಬೇಕು. ನಿಮ್ಮ ಮಗಳದು ಇವೆರಡರಲ್ಲಿ ಯಾವುದು ಅಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ. ‘ಯಾವಾಗ ಮುಗಿಯುತ್ತೆ’ ಅಂದರೆ ಹೇಳಲ್ಲ. ‘ಈ ಸಲ ಕಾಲೊನಿ ಬಂತಾ’ ಅಂದರೆ ಹೇಳುತ್ತಾಳೆ.

ಆದರೆ ಅದಕ್ಕೂ ಮೊದಲು ದುಡ್ಡಿನ ವಿಷಯ ಕೇಳಿ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಡುವ ಫೆಲೋಶಿಪ್‌ನಲ್ಲಿ, ಆರಂಭದ ವರ್ಷಗಳ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ನಂತರದ ಎಸ್‌ಆರ್‌ಎಫ್ 42,000 ಆಯಿತು. ಬಾಡಿಗೆ ಭತ್ಯೆ ಬೇರೆ. ಕೇಳಲು ಪರವಾಗಿಲ್ಲ ಅನಿಸುತ್ತದೆ, ಆದರೆ ಎಷ್ಟೋ ಸಲ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ನನಗೆ ಒಂದು ಸಲ 7 ತಿಂಗಳು ಬರಲಿಲ್ಲ. ಗೆಳತಿಯ ಹತ್ತಿರ ಸಾಲ ಮಾಡಿ ಬಾಡಿಗೆ ಕಟ್ಟಿದೆ, ಮನೆಯಲ್ಲಿ ಹೇಳಲಿಲ್ಲ. ಇನ್ನೊಂದು ವಿಷಯ: ಈ ಫೆಲೋಶಿಪ್ ಸಾಮಾನ್ಯವಾಗಿ 5 ವರ್ಷಕ್ಕೆ ನಿಂತುಹೋಗುತ್ತದೆ. ಕೆಲಸ ನಿಲ್ಲುವುದಿಲ್ಲ. ನಿಮ್ಮ ಮಗಳಿಗೆ 5 ವರ್ಷ ದಾಟಿದೆ ಅಂದಿರಿ. ಈ ತಿಂಗಳ ಬಾಡಿಗೆ ಹೇಗೆ ಕಟ್ಟಿದೆ ಮಗಳೇ ಅಂತ ಇವತ್ತೇ ಕೇಳಿ.