ರಟ್ಟೆ ಮೂಳೆಯೊಳಗಿನ ನೀರುಗುಳ್ಳೆ

ಹತ್ತು ವರ್ಷದ ಹುಡುಗ ಬೌಂಡರಿಯಿಂದ ಚೆಂಡು ಎಸೆದ, ಅಷ್ಟೇ. ಬಿದ್ದಿಲ್ಲ, ಯಾರೂ ಡಿಕ್ಕಿ ಹೊಡೆದಿಲ್ಲ. ಆದರೂ ರಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಎಕ್ಸ್‌ರೇ ತೆಗೆಸಿದರೆ ಭುಜದಿಂದ ಸ್ವಲ್ಪ ಕೆಳಗೆ ಮೂಳೆ ಮುರಿದಿದೆ, ಮುರಿದ ಕಡೆಯೇ ಒಳಗೆಲ್ಲ ಟೊಳ್ಳಾದಂತೆ ಕಪ್ಪಗೆ ಕಾಣುತ್ತಿದೆ. ಡಾಕ್ಟರು 'ಬೋನ್ ಸಿಸ್ಟ್' ಅನ್ನುತ್ತಾರೆ, ಅಂದರೆ ಮೂಳೆಯೊಳಗಿನ ನೀರುಗುಳ್ಳೆ. ಆ ರಾತ್ರಿ ಅಪ್ಪ ಅಮ್ಮ ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತಾರೆ, ಎಲ್ಲೋ ಒಂದು ಕಡೆ 'ಟ್ಯೂಮರ್' ಅನ್ನೋ ಪದ ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ನಿದ್ದೆ ಹೋಯಿತು. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಬಗೆಯ ಗುಳ್ಳೆಗೆ ಸರಳ ಸಿಸ್ಟ್ ಅನ್ನುತ್ತಾರೆ, ಅದು ಕ್ಯಾನ್ಸರ್ ಅಲ್ಲ. ಅದು ದೇಹದ ಬೇರೆ ಕಡೆಗೆ ಹರಡುವುದೂ ಇಲ್ಲ. ಒಳಗಿರುವುದು ತಿಳಿ ಹಳದಿ ನೀರು, ಅದರ ಸುತ್ತ ಒಂದು ತೆಳು ಪೊರೆ. ಮೂಳೆ ಮುರಿದಿದ್ದರೆ ಆ ನೀರಿಗೆ ರಕ್ತ ಬೆರೆತಿರುತ್ತದೆ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ ಕಾಣಿಸುತ್ತದೆ, ಹುಡುಗರಲ್ಲಿ ಹುಡುಗಿಯರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ಇವುಗಳಲ್ಲಿ ಅರ್ಧದಷ್ಟು ರಟ್ಟೆ ಮೂಳೆಯ, ಅಂದರೆ ಹ್ಯೂಮರಸ್‌ನ, ಮೇಲಿನ ತುದಿಯ ಹತ್ತಿರವೇ ಇರುತ್ತವೆ. ನಂತರದ ಜಾಗ ತೊಡೆಮೂಳೆಯ ಮೇಲ್ಭಾಗ.

ಅಲ್ಲೇ ಯಾಕೆ? ರಟ್ಟೆ ಮೂಳೆ ಉದ್ದ ಬೆಳೆಯುವುದರಲ್ಲಿ ಸುಮಾರು ಶೇ. 80 ಭಾಗ ಭುಜದ ಕಡೆಯ ಗ್ರೋತ್ ಪ್ಲೇಟಿನಿಂದಲೇ, ಅಂದರೆ ಮೂಳೆಯ ತುದಿಯ ಹತ್ತಿರ ಹೊಸ ಮೂಳೆ ಕಟ್ಟುವ ಪದರದಿಂದಲೇ, ಬರುತ್ತದೆ. ಹೊಸ ಮೂಳೆ ಭರದಿಂದ ಕಟ್ಟುತ್ತಿರುವ ಆ ಜಾಗದಲ್ಲಿ ರಕ್ತ ವಾಪಸ್ ಹರಿದುಹೋಗುವ ದಾರಿ ಎಲ್ಲೋ ಕಟ್ಟಿಕೊಂಡು, ನೀರು ನಿಂತು, ಒತ್ತಡ ಏರಿ ಸುತ್ತಲಿನ ಮೂಳೆ ಸವೆಯುತ್ತದೆ ಎನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. ಆ ನೀರಿನಲ್ಲಿ ಮೂಳೆ ಕರಗಿಸುವ ಪ್ರೊಸ್ಟಾಗ್ಲಾಂಡಿನ್‌ನಂಥ ರಾಸಾಯನಿಕಗಳೂ ಸಿಕ್ಕಿವೆ. 1876ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಈ ಗುಳ್ಳೆಯನ್ನು ಮೊದಲು ವಿವರಿಸಿದ. ಅಲ್ಲಿಂದ ಇಲ್ಲಿಯವರೆಗೂ ಕಾರಣದ ಚರ್ಚೆ ಮುಗಿದಿಲ್ಲ.

ಎಕ್ಸ್‌ರೇಯಲ್ಲಿ ಒಂದು ಗುರುತು ನನಗೆ ಬಹಳ ಇಷ್ಟ. ಗುಳ್ಳೆಯ ಸುತ್ತಲಿನ ಮೂಳೆಯ ಗೋಡೆ ಮುರಿದಾಗ ಕೆಲವೊಮ್ಮೆ ಅದರ ಒಂದು ಚೂರು ಕಳಚಿ, ನೀರಿನೊಳಗೆ ಇಳಿದು, ಗುಳ್ಳೆಯ ತಳದಲ್ಲಿ ಕೂತಿರುತ್ತದೆ. ಉದುರಿದ ಎಲೆ ಕೊಳದ ತಳ ಸೇರಿದ ಹಾಗೆ. ಒಳಗೆ ಗಟ್ಟಿ ಗಡ್ಡೆ ಇದ್ದಿದ್ದರೆ ಆ ಚೂರಿಗೆ ಬೀಳಲು ಜಾಗ ಎಲ್ಲಿ ಅಲ್ವಾ? ತೆಂಗಿನಕಾಯಿ ಒಡೆಯದೆ, ಅಲ್ಲಾಡಿಸಿಯೇ ನೀರಿದೆ ಅಂತ ಹೇಳುತ್ತೇವಲ್ಲ, ಹಾಗೆ ಡಾಕ್ಟರು ಈ ಒಂದು ಚೂರು ನೋಡಿ ಒಳಗಿರುವುದು ನೀರು ಅಂತ ಹೇಳಬಲ್ಲರು. ಅನುಮಾನ ಇದ್ದರೆ ಎಂಆರ್‌ಐ ಮಾಡಿಸುತ್ತಾರೆ, ಯಾಕೆಂದರೆ ಅನ್ಯೂರಿಸ್ಮಲ್ ಸಿಸ್ಟ್ ಅಂತ ಇನ್ನೊಂದಿದೆ. ಅದರೊಳಗೆ ರಕ್ತ ತುಂಬಿರುತ್ತದೆ, ಬೇಗ ಬೆಳೆದು ಮೂಳೆಯನ್ನು ಉಬ್ಬಿಸುತ್ತದೆ. ಅದೂ ಕ್ಯಾನ್ಸರ್ ಅಲ್ಲ, ಆದರೆ ಚಿಕಿತ್ಸೆಯ ದಾರಿ ಬೇರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೈ ಮುರಿದರೆ ಎಕ್ಸ್‌ರೇ ಇಲ್ಲದೆ ನೇರವಾಗಿ ನಾಟಿ ಕಟ್ಟು ಹಾಕಿಸುವವರು ನಮ್ಮಲ್ಲಿ ಇನ್ನೂ ಬಹಳ ಜನ ಇದ್ದಾರೆ. ಮುರಿತ ಕೂಡಿಕೊಳ್ಳಬಹುದು, ಆದರೆ ಒಳಗಿನ ಗುಳ್ಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಅದೇ ಜಾಗ ಮತ್ತೆ ಮುರಿಯಬಹುದು. ಸಣ್ಣ ಪೆಟ್ಟಿಗೆ ದೊಡ್ಡ ಮುರಿತ ಆಗಿದ್ದರೆ ಎಕ್ಸ್‌ರೇ ಬೇಕೇ ಬೇಕು.

ರಟ್ಟೆಯ ಮುರಿತ ಮಕ್ಕಳಲ್ಲಿ ಕೈಯನ್ನು ಜೋಲಿಗೆ ಹಾಕಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೂಡುತ್ತದೆ. ಮುರಿದ ಮೇಲೆ ಗುಳ್ಳೆಯೂ ತಾನಾಗಿ ತುಂಬಿಕೊಳ್ಳುತ್ತದೆ ಅಂತ ಹಿಂದೆ ನಂಬಿದ್ದರು, ಆದರೆ ಹಾಗಾಗುವುದು ನೂರಕ್ಕೆ ಹತ್ತು ಹದಿನೈದು ಮಕ್ಕಳಲ್ಲಿ ಮಾತ್ರ. 1970ರ ದಶಕದಲ್ಲಿ ಇಟಲಿಯ ಮೂಳೆತಜ್ಞ ಸ್ಕಾಲಿಯೆಟ್ಟಿ ಗುಳ್ಳೆಯೊಳಗೆ ಸೂಜಿಯಿಂದ ಸ್ಟಿರಾಯ್ಡ್ ಬಿಡುವ ಕ್ರಮ ತಂದರು. ಮೂಳೆಮಜ್ಜೆ ತೆಗೆದು ಚುಚ್ಚುವ ಕ್ರಮವೂ ಬಂತು. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಎರಡನ್ನೂ ಹೋಲಿಸಿದಾಗ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 42, ಮಜ್ಜೆ ಪಡೆದವರಲ್ಲಿ ಶೇ. 23 ಮಕ್ಕಳ ಗುಳ್ಳೆ ವಾಸಿಯಾಗಿತ್ತು. ಯಾವುದೂ ಒಂದೇ ಸಲಕ್ಕೆ ಖಾತ್ರಿಯಲ್ಲ ಅಂತ ಮೊದಲೇ ತಿಳಿದಿದ್ದರೆ ಎರಡನೇ ಇಂಜೆಕ್ಷನ್‌ಗೆ ಎದೆಗುಂದಬೇಕಾಗಿಲ್ಲ. ಕೆಲವರಿಗೆ ಒಳಗಿನ ಪೊರೆ ಕೆರೆದು ತೆಗೆದು ಮೂಳೆಪುಡಿ ತುಂಬುತ್ತಾರೆ, ಕೆಲವರಿಗೆ ಬಾಗುವ ತೆಳು ಕಂಬಿ ಹಾಕುತ್ತಾರೆ. ಕಂಬಿ ಮೂಳೆಗೆ ಆಸರೆಯಾಗುತ್ತದೆ, ಜೊತೆಗೆ ನಿಂತ ನೀರಿಗೆ ಹರಿದುಹೋಗಲು ದಾರಿ ಮಾಡಿಕೊಡುತ್ತದೆ.

ಗುಳ್ಳೆ ಗ್ರೋತ್ ಪ್ಲೇಟಿಗೆ ಅಂಟಿಕೊಂಡಂತೆ ಇದ್ದರೆ ಡಾಕ್ಟರು ತುಂಬಾ ಜಾಗ್ರತೆ ವಹಿಸುತ್ತಾರೆ. ಪ್ಲೇಟಿಗೆ ಪೆಟ್ಟಾದರೆ ಕೈ ಗಿಡ್ಡವಾಗಬಹುದು. ಆದರೆ ಮಗು ಬೆಳೆದಂತೆ ಪ್ಲೇಟು ಹೊಸ ಮೂಳೆ ಕಟ್ಟುತ್ತಾ ಮೇಲೆ ಹೋಗುತ್ತದೆ, ಗುಳ್ಳೆ ಕೆಳಗೆ ಉಳಿಯುತ್ತದೆ. ಎರಡರ ನಡುವೆ ಗಟ್ಟಿ ಮೂಳೆ ಬಂದ ಮೇಲೆ ಗುಳ್ಳೆಯ ಜೋರು ಕಡಿಮೆಯಾಗುತ್ತದೆ, ಎತ್ತರ ಬೆಳೆಯುವುದು ನಿಂತ ಮೇಲೆ ಹೆಚ್ಚಿನವು ತಾವಾಗಿಯೇ ತುಂಬಿಕೊಳ್ಳುತ್ತವೆ. ಅದಕ್ಕೇ ಗೋಡೆ ದಪ್ಪಗಿದ್ದು ನೋವಿಲ್ಲದಿದ್ದರೆ ಸುಮ್ನೆ ಕಾದು ನೋಡೋಣ ಅನ್ನುತ್ತಾರೆ. ಅದು ಅಸಡ್ಡೆಯಲ್ಲ. ಆಗಾಗ ಎಕ್ಸ್‌ರೇ ತೆಗೆದು ಗೋಡೆ ಅಳೆಯುತ್ತಿರುತ್ತಾರೆ.

ಹುಡುಗ ಕೇಳುವುದು ಮಾತ್ರ ಒಂದೇ, ಆಟಕ್ಕೆ ಯಾವಾಗ ಹೋಗಲಿ ಅಂತ. ಮುರಿತ ಕೂಡಿದ್ದಷ್ಟೇ ಸಾಲದು, ಗೋಡೆ ಗಟ್ಟಿಯಾಗಿದೆ ಅಂತ ಡಾಕ್ಟರು ಹೇಳುವವರೆಗೆ ಚೆಂಡು ಎಸೆಯುವುದು, ಕಬಡ್ಡಿ ಎರಡೂ ಬೇಡ. ಕೇರಂ ಆಡಬಹುದು.